ಯಾವ ವಾರ್ಡಿಗೆ ಹೋಗಬಾರದು?

ತಾಲ್ಲೂಕು ಆಸ್ಪತ್ರೆಯ ನರ್ಸ್ ಕಮಲಾಕ್ಷಿ ಮೂರು ತಿಂಗಳಿಂದ ಎರಡು ವಾರ್ಡುಗಳನ್ನು ಒಬ್ಬಳೇ ನೋಡಿಕೊಂಡು ಸುಸ್ತಾಗಿದ್ದಳು. ಅಂಥದ್ದರಲ್ಲಿ ದೊಡ್ಡ ಡಾಕ್ಟರು ಅವಳನ್ನು ಕರೆಸಿದರು.

"ಇವತ್ತಿಂದ ಹೆರಿಗೆ ವಾರ್ಡೂ ನಿಮ್ಮದೇ. ಸೇವೆ ಮಾಡೋರು ನೆಪ ಹೇಳಬಾರದು."

ಕಮಲಾಕ್ಷಿಗೆ ಮೈಯೆಲ್ಲ ಉರಿಯಿತು. ಆದರೂ ದನಿ ಏರಿಸಲಿಲ್ಲ.

"ಆಗಲಿ ಸಾರ್. ಒಂದು ಆದೇಶ ಬರೆದುಕೊಡಿ."

ಆದೇಶ ಎಂದರೆ ಡಾಕ್ಟರಿಗೆ ಬಲು ಖುಷಿ. ಪೆನ್ನು ತೆಗೆದರು. "ಏನಂತ ಬರೀಲಿ?"

"ಮೂರೂ ವಾರ್ಡಿಂದ ಒಟ್ಟಿಗೇ ಕರೆ ಬಂದರೆ, ನಾನು ಯಾವ ಎರಡಕ್ಕೆ ಹೋಗಬಾರದು ಅಂತ ಬರೆದು ಸಹಿ ಮಾಡಿ. ಬಾಗಿಲಿಗೆ ಅಂಟಿಸ್ತೀನಿ, ರೋಗಿಗಳ ಮನೆಯವರು ಓದಿಕೊಳ್ಳಲಿ."

ಡಾಕ್ಟರ ಪೆನ್ನು ಅಲ್ಲೇ ನಿಂತಿತು. "ಏನ್ರೀ, ಹೆದರಿಸ್ತೀರಾ?"

"ಇಲ್ಲ ಸಾರ್. ಇಷ್ಟು ದಿನ ಅದನ್ನ ನಾನೊಬ್ಬಳೇ ತೀರ್ಮಾನ ಮಾಡ್ತಿದ್ದೆ. ಇನ್ಮೇಲೆ ನೀವು ಮಾಡಿ."

ಡಾಕ್ಟರು ಪೆನ್ನು ಮುಚ್ಚಿ, ಜಿಲ್ಲಾ ಕಚೇರಿಗೆ ಫೋನ್ ಮಾಡಿದರು. ಮರುದಿನ ಬೆಳಿಗ್ಗೆ ಇಬ್ಬರು ಹೊಸ ನರ್ಸುಗಳು ಕೆಲಸಕ್ಕೆ ಹಾಜರಾದರು.