ನೀಲಗಂಗಮ್ಮ ಯಾವ ಕೋಣೆಯಲ್ಲೂ ಇಲ್ಲ

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿ ಅಡವಯ್ಯ ಗುರುಗಳು ಶಿಷ್ಯರಿಗೆ ಧ್ಯಾನದ ಜೊತೆಗೆ ಪ್ರೋಗ್ರಾಮ್ ಬರೆಯುವುದನ್ನೂ ಕಲಿಸುತ್ತಿದ್ದರು. ಎರಡಕ್ಕೂ ಬೇಕಾದದ್ದು ತಾಳ್ಮೆ, ಎರಡರಲ್ಲೂ ಮೊದಲು ಸಿಗುವುದು ಬೆನ್ನುನೋವು.

ಗವಿಸಿದ್ದನೆಂಬ ಶಿಷ್ಯ ಎರಡು ವರ್ಷ ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿದ ಮೇಲೆ ಅವನ ಕೈಗೆ ಕಂಪ್ಯೂಟರ್ ಬಂತು. ಯಾವ ಯಾತ್ರಿಕರು ಯಾವ ಕೋಣೆಯಲ್ಲಿದ್ದಾರೆ ಎಂಬ ಪಟ್ಟಿ ಅವನದು. ಆ ಪಟ್ಟಿ ನೋಡಿಯೇ ಅಡಿಗೆಯ ಕಲ್ಲಯ್ಯ ಎಲೆ ಹಾಕುತ್ತಿದ್ದ.

"ತಪ್ಪಾದ್ರ ಮತ್ತ ಬೆಳ್ಳುಳ್ಳಿಗೆ," ಎಂದಿದ್ದರು ಗುರುಗಳು.

ಗವಿಸಿದ್ದ ಹುಷಾರಾಗಿದ್ದ. ಒಬ್ಬರ ಕೋಣೆ ಬದಲಿಸುವುದೆಂದರೆ ಹಳೆಯ ಕೋಣೆಯಿಂದ ಹೆಸರು ತೆಗೆಯಬೇಕು, ಹೊಸದರಲ್ಲಿ ಸೇರಿಸಬೇಕು. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಇದನ್ನೇ ಟ್ರಾನ್ಸಾಕ್ಷನ್ ಎನ್ನುತ್ತಾರೆ. ಅದಕ್ಕಾಗಿ ಅವನು ಹತ್ತಾರು ಸಾಲು ಬರೆಯುತ್ತ ಕೂರಲಿಲ್ಲ. ‘ಕೋಣೆ ಬದಲಿಸು’ ಎಂಬ ಕೆಲಸದ ಮೇಲೆ ಡೆಕೋರೇಟರ್ ಎಂಬ ಒಂದೇ ಒಂದು ಗುರುತು ಹಾಕಿದ, ಹಣೆಗೆ ವಿಭೂತಿ ಹಚ್ಚಿದ ಹಾಗೆ. ಮಿಕ್ಕದ್ದನ್ನು ಗುರುತೇ ನೋಡಿಕೊಳ್ಳುತ್ತದೆ ಎಂದು ಕಾಲು ಚಾಚಿ ಕೂತ.

ಒಂದು ಮಧ್ಯಾಹ್ನ ಕಲ್ಲಯ್ಯ ಸೌಟು ಹಿಡಿದುಕೊಂಡೇ ಬಂದ.

"ಲೇ ಗವಿಸಿದ್ದ, ನೀಲಗಂಗಮ್ಮ ಊಟಕ್ಕ ಬಂದಾಳ. ಪಟ್ಟ್ಯಾಗ ಹೆಸರಿಲ್ಲ."

"ನಾಲ್ಕನೇ ಕೋಣಿ ನೋಡು."

"ಇಲ್ಲ."

"ಒಂಬತ್ತು?"

"ಅಲ್ಲೂ ಇಲ್ಲ. ನಿನ್ನ ಪಟ್ಟಿ ಪ್ರಕಾರ ಆ ಮುದುಕಿ ಇನ್ನೂ ಹುಟ್ಟೇ ಇಲ್ಲ."

"ಹೆಸರಿಲ್ಲಂದ್ರೂ ಊಟಕ್ಕ ಹಾಕೋ ಮಾರಾಯ!"

"ಪಟ್ಟಿ ಬಿಟ್ಟು ಒಂದು ರೊಟ್ಟಿನೂ ಕೊಡಬ್ಯಾಡ ಅಂದಾಂವ ಯಾರು? ನೀನ. ಎರಡನೇ ಪಂಕ್ತಿ ಏಳೋದ್ರಾಗ ಹೆಸರು ತಗೊಂಡು ಬಾ. ಆಮ್ಯಾಲ ಒಲಿ ಆರಸ್ತೀನಿ."

ಗವಿಸಿದ್ದನಿಗೆ ಬೆಳ್ಳುಳ್ಳಿಯ ಭಯ ಇದ್ದೇ ಇತ್ತು. ಅದಕ್ಕಿಂತ ಎಂಬತ್ತು ವರ್ಷದ ಮುದುಕಿಯನ್ನು ತಾನು ಉಪವಾಸ ಕೆಡವಿದೆನಲ್ಲ ಎಂದು ನಾಚಿಕೆಯಾಯಿತು.

ನಡೆದದ್ದು ಇಷ್ಟು. ನೀಲಗಂಗಮ್ಮ ಇದ್ದ ನಾಲ್ಕನೇ ಕೋಣೆಯ ಮಾಳಿಗೆ ಸೋರುತ್ತಿತ್ತು. ಬೆಳಿಗ್ಗೆ ಅವನು ‘ಕೋಣೆ ಖಾಲಿ ಮಾಡು’ ಎಂಬ ಇನ್ನೊಂದು ಕೆಲಸವನ್ನು ಓಡಿಸಿದ್ದ. ಅದು ತಾನೇ ‘ಕೋಣೆ ಬದಲಿಸು’ವನ್ನು ಕರೆಯಿತು. ನಾಲ್ಕರಿಂದ ಹೆಸರು ಹೋಯಿತು. ಒಂಬತ್ತರಲ್ಲಿ ಮಂಚ ಖಾಲಿ ಇರಲಿಲ್ಲ, ಕೆಲಸ ಅಲ್ಲೇ ಮುಗ್ಗರಿಸಿತು. ಆಗ ಹೆಸರು ವಾಪಸ್ ನಾಲ್ಕಕ್ಕೆ ಬರಬೇಕಿತ್ತು, ಬಂದಿರಲಿಲ್ಲ.

ಅವನು ಗುರುಗಳಿದ್ದ ಪಡಸಾಲೆಗೆ ಓಡಿದ.

"ಅಜ್ಜಾರ, ಗುರುತು ಹಾಕೀನ್ರಿ. ಆದ್ರೂ ಕೆಲಸ ಅರ್ಧಕ್ಕ ನಿಂತೈತಿ."

"ಆ ಗುರುತು ಓದೋರು ಯಾರು?" ಎಂದರು ಗುರುಗಳು.

"ಪ್ರಾಕ್ಸಿರಿ. ಬಾಗಿಲಾ ಕಾಯೋ ಆಳಿನಂಗ. ಯಾರರೆ ಆ ಕೆಲಸ ಕರದ್ರ ಮೊದಲು ಅದ ಎದುರಾಗ್ತೈತಿ. ಗುರುತು ನೋಡಿ, ಟ್ರಾನ್ಸಾಕ್ಷನ್ ಶುರು ಮಾಡಿ ಒಳಗ ಬಿಡ್ತೈತಿ. ಏನರೆ ಕೆಟ್ರ ಎಲ್ಲಾ ಮೊದಲಿನಂಗ ಮಾಡ್ತೈತಿ."

"ಬಾಯಿಪಾಠ ಚಲೋ ಐತಿ. ಹೋಗು, ಮುಂಬಾಗಿಲಾಗ ಕುಂದ್ರು. ಬಂದವರ ಕಾಲು ತೊಳಿ. ಒಬ್ಬರನ್ನೂ ಬಿಡಬ್ಯಾಡ."

ಆ ಆಶ್ರಮದಲ್ಲಿ ಒಬ್ಬ ಶಿಷ್ಯ ಸದಾ ಮುಂಬಾಗಿಲಲ್ಲಿ ತಂಬಿಗೆ ಹಿಡಿದು ಕೂರುತ್ತಿದ್ದ. ಒಳಬರುವವರ ಕಾಲಿಗೆ ನೀರು ಹಾಕುವುದು ಅವನ ಕೆಲಸ. ಅಂದು ಗವಿಸಿದ್ದನ ಪಾಳಿಯಲ್ಲ. ಆದರೂ ಹೋಗಿ ಕೂತ, ಒಳಗೊಳಗೇ ಕುದಿಯುತ್ತ.

ಪೋಸ್ಟ್‌ಮನ್ ಬಂದ, ತೊಳೆದ. ಇಬ್ಬರು ಯಾತ್ರಿಕರು ಬಂದರು, ತೊಳೆದ. ಒಂದು ಆಡು ಬಂತು. ಒಬ್ಬರನ್ನೂ ಬಿಡಬೇಡ ಎಂದಿದ್ದರಲ್ಲ, ಅದರ ನಾಲ್ಕೂ ಕಾಲು ತೊಳೆದ. ಊಟದ ಮನೆಯಲ್ಲಿ ಎರಡನೇ ಪಂಕ್ತಿಗೆ ಮಜ್ಜಿಗೆ ಬಡಿಸುತ್ತಿದ್ದರು.

ಅಷ್ಟರಲ್ಲಿ ಗುರುಗಳು ಎದ್ದರು. ಒಳ ಅಂಗಳದಲ್ಲಿ ಆಗಷ್ಟೇ ನೀರು ಬಿಟ್ಟಿದ್ದ ಬಸಳೆ ಮಡಿಯೊಳಗೆ ಇಳಿದು ಚೆನ್ನಾಗಿ ತುಳಿದಾಡಿದರು. ಹಾಗೆಯೇ ಪಡಸಾಲೆಗೆ ಬಂದು ತಮ್ಮ ಬಿಳಿ ಗದ್ದುಗೆಯ ಮೇಲೆ ಕೂತರು. ನೆಲದ ತುಂಬ ಕರಿಮಣ್ಣಿನ ಹೆಜ್ಜೆಗಳು.

"ಅಜ್ಜಾರ! ಕಾಲು!" ಎಂದು ಚೀರಿದ ಗವಿಸಿದ್ದ.

"ಯಾಕ, ನೀ ತೊಳಿಲಿಲ್ಲೇನು?"

"ನಾ ಹೆಂಗ ತೊಳೀಲ್ರಿ? ನೀವು ಈ ಬಾಗಿಲಿಗೆ ಬರಲೇ ಇಲ್ಲ. ಒಳಗಿಂದ ಒಳಗ ಅಡ್ಡಾಡಿ..."

ತಂಬಿಗೆ ಕೈಯಲ್ಲೇ ಉಳಿಯಿತು.

‘ಖಾಲಿ ಮಾಡು’ ಮತ್ತು ‘ಬದಲಿಸು’ ಎರಡನ್ನೂ ಅವನು ಪ್ರೋಗ್ರಾಮಿನ ಒಂದೇ ಭಾಗದಲ್ಲಿ, ಒಂದೇ ಮನೆಯೊಳಗೆ ಎಂಬಂತೆ, ಇಟ್ಟಿದ್ದ. ಒಂದು ಇನ್ನೊಂದನ್ನು ಒಳಗಿನಿಂದಲೇ ಕರೆದಿತ್ತು. ಬಾಗಿಲ ಕಾಯುವ ಪ್ರಾಕ್ಸಿಗೆ ಅದು ಗೊತ್ತೇ ಆಗಿರಲಿಲ್ಲ.

ಅವನು ಎದ್ದುಬಿದ್ದು ಓಡಿದ. ‘ಬದಲಿಸು’ವನ್ನು ಕಿತ್ತು ಬೇರೆ ಮನೆಯಲ್ಲಿಟ್ಟ. ಇನ್ನು ಅದನ್ನು ಕರೆಯುವವರು ಬಾಗಿಲಿಗೇ ಬರಬೇಕು. ನೀಲಗಂಗಮ್ಮನ ಹೆಸರನ್ನು ಮತ್ತೆ ನಾಲ್ಕರಲ್ಲಿ ಬರೆದು ಒಂಬತ್ತಕ್ಕೆ ಕಳಿಸಿ ನೋಡಿದ, ಮುಗ್ಗರಿಸಿತು. ಈ ಸಲ ಹೆಸರು ವಾಪಸ್ ನಾಲ್ಕಕ್ಕೆ ಬಂತು. ಆಮೇಲೆ ಅದನ್ನು ಖಾಲಿಯಿದ್ದ ಹತ್ತನೇ ಕೋಣೆಗೆ ಸೇರಿಸಿ, ಪಟ್ಟಿ ಹಿಡಿದು ಊಟದ ಮನೆಗೆ ಹೋದ.

ಪಂಕ್ತಿ ಎದ್ದಿತ್ತು. ಒಲೆ ಆರಿತ್ತು. ಗವಿಸಿದ್ದನಿಗೆ ಅಳು ಬರುವುದೊಂದು ಬಾಕಿ. ಜೋಲುಮೋರೆ ಹಾಕಿಕೊಂಡು ಪಡಸಾಲೆಗೆ ಬಂದರೆ ಗುರುಗಳ ಎದುರಿಗೆ ನೀಲಗಂಗಮ್ಮ ಕಂಬಕ್ಕೆ ಒರಗಿ ಎಲೆಅಡಿಕೆ ಜಗಿಯುತ್ತಿದ್ದಳು.

"ಯವ್ವಾ, ನನ್ನಿಂದ ತಪ್ಪಾತು. ನೀವು ಉಪಾಸ ಕುಂತ್ರಿ."

"ಯಾವ ಉಪಾಸೋ ತಮ್ಮಾ? ಹೋಳಿಗಿ ಭಾಳ ಚಲೋ ಆಗಿದ್ವು. ಮೂರು ತಿಂದೆ."

"ಹೆಂಗ್ರಿ? ಪಟ್ಟ್ಯಾಗ ಹೆಸರ ಇರಲಿಲ್ಲ!"

"ಆ ಕಲ್ಲಯ್ಯ ಪಟ್ಟಿ ಹಿಡಕೊಂಡು ಊಟದ ಮನಿ ಮುಂದಿನ ಬಾಗಿಲಾಗ ನಿಂತಿದ್ದ. ನಾ ಒಳಗಿನ ಅಂಗಳದಾಗಿಂದ ಸೀದಾ ಅಡಿಗಿಮನಿಗೆ ಹೋದೆ. ಅಲ್ಲಿ ಯಾರೂ ಕೇಳಲಿಲ್ಲ."

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಗವಿಸಿದ್ದನಿಗೂ ಹೋದ ಜೀವ ಬಂದಂತಾಗಿ ನಗು ಬಂತು. ಆದರೆ ಮಾತು ಮಾತೇ. ಅವನು ನಗು ನುಂಗಿಕೊಂಡು ಒಳ ಅಂಗಳದ ಕಡೆ ಹೆಜ್ಜೆ ಹಾಕಿದ.

"ಎಲ್ಲಿಗೆ?" ಎಂದರು ಗುರುಗಳು.

"ಅಡಿಗಿಮನಿಗ್ರಿ. ಬೆಳ್ಳುಳ್ಳಿ ಸುಲಿಯಾಕ."

"ಹಂಗಲ್ಲ. ಹೊರಗ ಹೋಗಿ ಮುಂಬಾಗಿಲಿಂದ ಬಾ."