ಪಾತ್ರೆ ತಲೆಯವನ ವಿಮರ್ಶೆ

“ಗುರುಗಳೇ, ನಾಡಿಗೆ ದೊಡ್ಡ ಅವಮಾನವಾಗಿದೆ. ಮಾಡಿದವನನ್ನು ಬೈದರೆ ತಪ್ಪೇ?” ಎಂದು ಶಿಷ್ಯ ಕೇಳಿದ.

ವಿಚಾರಿಸಿದಾಗ ತಿಳಿದ ಸಂಗತಿ ಇಷ್ಟು. ಶಿಷ್ಯನ ನೆಚ್ಚಿನ ನಟ ಅನ್ಯಗ್ರಹದವರನ್ನು ಸೋಲಿಸುವ ಭಾರಿ ಸಿನಿಮಾ ಒಂದು ಬಂದಿತ್ತು. ಯಾರೋ ಒಬ್ಬ ಅದನ್ನು ಯೂಟ್ಯೂಬಿನಲ್ಲಿ ಗೇಲಿ ಮಾಡಿದ್ದ. ಅಂದಿನಿಂದ ಶಿಷ್ಯನಿಗೆ ಊಟ ಸೇರುತ್ತಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನಿಗೆ ಒಬ್ಬಳು ಹೆಂಡತಿ, ಒಬ್ಬ ಮಗ, ಒಬ್ಬ ನಟ. ಆ ನಟನ ಅಭಿಮಾನಿ ಸಂಘದ ಬಾವುಟಗಳನ್ನೆಲ್ಲ ಅವನೇ ಹೊಲಿದುಕೊಡುತ್ತಿದ್ದ. ಹೊಸ ಸಿನಿಮಾ ಬಂದರೆ ಮನೆಯ ಮೂವರೂ ಮೊದಲ ದಿನವೇ ನೋಡುತ್ತಿದ್ದರು. ಮನೆಗೆ ಬಂದಮೇಲೆ ಹೆಂಡತಿ ಸೌಟು ಹಿಡಿದು ನಾಯಕನ ಹೊಡೆದಾಟವನ್ನು ಅಡುಗೆಮನೆಯಲ್ಲಿ ಮತ್ತೊಮ್ಮೆ ಆಡಿ ತೋರಿಸುತ್ತಿದ್ದಳು. ದರ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹೊರಗಿನವರು ನಟನ ಬಗ್ಗೆ ಒಂದು ಮಾತು ಆಡಿದರೆ ಜಗಳಕ್ಕೆ ಹೋಗುವವನು, ಅವಳು ಆಡಿದರೆ “ಇನ್ನೊಂದು ಸಲ ಮಾಡೇ” ಎನ್ನುತ್ತಿದ್ದ.

ಆಕೆ ಕಾಯಿಲೆ ಬಿದ್ದಳು. ಬಹಳ ದಿನ ನರಳಿ ತೀರಿಕೊಂಡಳು. ಆಮೇಲೆ ದರ್ಜಿ ನಗಲಿಲ್ಲ. ಅಪ್ಪ ಹೊರಗೆ ಹೊಲಿಯುತ್ತಿದ್ದ, ಮಗ ಒಳಗೆ ಬಟ್ಟೆ ಕತ್ತರಿಸುತ್ತಿದ್ದ. ಅಳತೆ ಬಿಟ್ಟರೆ ಇಬ್ಬರ ನಡುವೆ ಬೇರೆ ಮಾತು ಇರಲಿಲ್ಲ.

ಹೀಗಿರುವಾಗ ನಟನ ಹೊಸ ಸಿನಿಮಾ ಬಂತು. ಅದರಲ್ಲಿ ಅವನು ಶತ್ರುಗಳ ಆಕಾಶನೌಕೆಯನ್ನು ತೊಡೆ ತಟ್ಟಿಯೇ ಬೀಳಿಸುತ್ತಿದ್ದ. ಅಪ್ಪ ಮಗ ನೋಡಿ ಬಂದರು. ಅಡುಗೆಮನೆ ಸುಮ್ಮನಿತ್ತು.

ಅಪ್ಪನನ್ನು ಒಮ್ಮೆಯಾದರೂ ನಗಿಸಬೇಕೆಂದು ಮಗನಿಗೆ ಅನ್ನಿಸಿತು. ಎದುರಿಗೆ ಆಡಿ ತೋರಿಸಲು ಸಂಕೋಚ. ಗೆಳೆಯನ ಮನೆಗೆ ಹೋಗಿ, ಆಕಾಶಯಾತ್ರಿಯ ಹಾಗೆ ತಲೆಗೆ ಅನ್ನದ ಪಾತ್ರೆ ಕವುಚಿಕೊಂಡು, ಕೈಯಲ್ಲಿ ಸೌಟು ಹಿಡಿದು, ಅಮ್ಮನ ಧಾಟಿಯಲ್ಲೇ ಒಂದು ವಿಮರ್ಶೆ ಮಾಡಿ ಯೂಟ್ಯೂಬಿಗೆ ಹಾಕಿದ. “ಗಾಳಿಯೇ ಇಲ್ಲದ ಗ್ರಹದಲ್ಲಿ ನಮ್ಮ ಬಾಸ್ ಕೂದಲು ಹಾರುತ್ತೆ. ಹೇಗೆ? ಹಿಂದೆ ನಿಂತು ನಿರ್ಮಾಪಕರು ನಿಟ್ಟುಸಿರು ಬಿಡ್ತಾ ಇದ್ದಾರೆ.” ಪಾತ್ರೆಯೊಳಗಿನ ಮುಖವೂ ದನಿಯೂ ಯಾರಿಗೂ ಗುರುತು ಸಿಗಲಿಲ್ಲ.

ಜನ ನೋಡಿದರು. ಅಭಿಮಾನಿಗಳು ನೊಂದರು. ನೊಂದವರು ಬರೆದರು. “ಮೊದಲು ಗ್ಯಾಸ್ ಸಿಲಿಂಡರ್ ಎತ್ತೋ, ಆಮೇಲೆ ಗ್ರಹ ಎತ್ತಿದವರ ಬಗ್ಗೆ ಮಾತಾಡು” ಎಂದ ಒಬ್ಬ. “ಪಾತ್ರೆ ತೆಗಿ, ಮುಖ ನೋಡ್ಕೊಂಡೇ ಹೊಡೀತೀವಿ” ಎಂದ ಇನ್ನೊಬ್ಬ. ಮಗ ಅವನ್ನೆಲ್ಲ ಓದಿ ಬದಿಗಿಟ್ಟ. ಅವನು ಕಾಯುತ್ತಿದ್ದುದು ಅವರಿಗಾಗಿ ಅಲ್ಲ.

ಕೊನೆಗೆ ಸಂಘದವರು ಆ ವಿಡಿಯೊವನ್ನು ದರ್ಜಿಗೂ ಕಳಿಸಿದರು. ಹೊಲಿಗೆ ಯಂತ್ರ ನಿಂತದ್ದು ಒಳಗಿದ್ದ ಮಗನಿಗೆ ಕೇಳಿಸಿತು. ಆಮೇಲೆ ಅಪ್ಪನ ನಗು ಕೇಳಿಸಿತು. ಹಳೆಯ ನಗುವೇ, ಕೊನೆಯಲ್ಲಿ ಕೆಮ್ಮು ಬರುವಂಥದು. ಅದು ನಾನೇ ಅಪ್ಪಾ ಎಂದು ಹೇಳಲು ಮಗ ಕತ್ತರಿ ಇಟ್ಟು ಎದ್ದ. ಅಷ್ಟರಲ್ಲಿ ನಗು ನಿಂತಿತು. ತುಸು ಹೊತ್ತಿಗೆ ಅವನ ಮೊಬೈಲಿಗೆ, ವಿಡಿಯೊದ ಕೆಳಗೆ ಅಪ್ಪನ ಹೆಸರಿನಲ್ಲಿ ಬರೆದ ಒಂದು ಸಾಲು ಬಂತು.

“ಇವನನ್ನು ಹೆತ್ತವಳು ನರಳಿ ನರಳಿ ಸಾಯಲಿ.”

ಸಂಜೆಯೊಳಗೆ ಸಾವಿರಾರು ಜನ ಆ ಸಾಲನ್ನು ಮೆಚ್ಚಿದರು.

ಮರುದಿನ ಊಟಕ್ಕೆ ಕುಳಿತಾಗ ಮಗ ಕೇಳಿದ. “ಅಪ್ಪಾ, ನೀನು ಆ ವಿಡಿಯೊ ನೋಡಿ ನಕ್ಕಿದ್ದು ಕೇಳಿಸ್ತು. ಆಮೇಲೆ ಯಾಕೆ ಹಾಗೆ ಬೈದು ಬರೆದೆ?”

“ನಗು ಬಂದಿದ್ದಕ್ಕೇ ಬೈದೆ ಕಣೋ,” ಎಂದ ದರ್ಜಿ. “ನಿಮ್ಮಮ್ಮ ಹೋದಮೇಲೆ ಯಾವನೋ ಗುರುತಿಲ್ಲದವನು ಬಂದು ನನ್ನನ್ನ ನಗಿಸಿಬಿಡೋದು ಅಂದ್ರೇನು? ಅವಳಿಗೆ ಹೇಗೆ ಮುಖ ತೋರಿಸಲಿ?”

ಮಗ ಅನ್ನ ಕಲಸುತ್ತ ಕುಳಿತ. ಅದು ನಾನೇ ಎಂದು ಹೇಳಿದರೆ, ಅಪ್ಪನಿಗೆ ತಾನು ಶಪಿಸಿದ್ದು ಯಾರನ್ನು ಎಂಬುದೂ ತಿಳಿದುಬಿಡುತ್ತದೆ. ಅವನು ಹೇಳಲಿಲ್ಲ. ಕೈ ತೊಳೆದು ಬಂದು ವಿಡಿಯೊ ಅಳಿಸಿದ. ಅದರೊಂದಿಗೆ ಆ ಸಾಲೂ ಹೋಯಿತು.

ಪಾತ್ರೆ ತಲೆಯವನು ಹೆದರಿ ಓಡಿದನೆಂದು ಸಂಘದವರು ಚಿತ್ರಮಂದಿರದ ಮುಂದೆ ಈಡುಗಾಯಿ ಒಡೆದರು. ದರ್ಜಿ ಒಂದು ಹೋಳು ತಂದು ಮಗನ ಕೈಗಿಟ್ಟ. ಮಗ ತಿಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ. “ಮುಂದೆ ಎಂದಾದರೂ ಆ ತಂದೆಗೆ ತಿಳಿಯಿತೇ?”

ಗುರುಗಳು ಹೇಳಿದರು. “ಇಲ್ಲ. ಎಲ್ಲರಿಗಿಂತ ಚೆನ್ನಾಗಿ ಬೈದವನೆಂದು ಸಂಘದವರು ಅವನನ್ನು ಉಪಾಧ್ಯಕ್ಷನನ್ನಾಗಿ ಮಾಡಿದರು.”