ಕಾಜಾಣ ಎಲ್ಲ ಹಕ್ಕಿಗಳ ಮಾತು ಕಲಿತದ್ದು

ಲೋಕ ಆಗಷ್ಟೇ ಹುಟ್ಟಿ, ಬೆಟ್ಟಗಳ ಮೈ ಇನ್ನೂ ಬೆಚ್ಚಗಿದ್ದ ಕಾಲ ಅದು, ಪುಟ್ಟೀ. ಆಗ ಎಲ್ಲರಿಗೂ ಇದ್ದದ್ದು ಒಂದೇ ಮಾತು. ಜಿಂಕೆ ಕರೆದರೆ ಹೊಳೆ ಓಗೊಡುತ್ತಿತ್ತು. ಹೊಳೆ ಕೇಳಿದರೆ ಗಾಳಿ ಉತ್ತರ ಹೇಳುತ್ತಿತ್ತು. ಗುಟ್ಟು ಅನ್ನುವುದು ಇನ್ನೂ ಹುಟ್ಟಿರಲಿಲ್ಲ.

ಕಾಡಿನ ನಡುವೆ ಒಂದು ಉಪ್ಪಿನ ಬಂಡೆ ಇತ್ತು. ಮೃಗಗಳು ಬಂದು ನೆಕ್ಕುತ್ತಿದ್ದವು. ಮನುಷ್ಯರು ಚೂರು ಒಡೆದುಕೊಂಡು ಹೋಗುತ್ತಿದ್ದರು. ಒಂದು ದಿನ ದೊಡ್ಡಜಡೆಯ ಎಂಬ ಬಲಶಾಲಿ ಅದರ ಸುತ್ತ ಮುಳ್ಳುಬೇಲಿ ಹಾಕಿ, ದೊಣ್ಣೆ ಕೊಟ್ಟು ಆಳುಗಳನ್ನು ನಿಲ್ಲಿಸಿದ. "ಇನ್ನು ಈ ಬಂಡೆ ನನ್ನದು" ಎಂದ.

ಉಪ್ಪಿಲ್ಲದೆ ಜಿಂಕೆಮರಿಗಳ ಕಾಲು ಸೋತವು. ಗುಡಿಸಲುಗಳಲ್ಲಿ ಮಕ್ಕಳು ಸಪ್ಪೆ ಗಂಜಿಯನ್ನು ದೂಡಿ ಅತ್ತವು.

ಅಲ್ಲಿ ಕೇತ, ಬೊಮ್ಮಿ ಎಂಬ ಗಂಡಹೆಂಡತಿ ಇದ್ದರು. "ನಾಳೆ ಹೋಗಿ ಒಂದಿಷ್ಟು ಉಪ್ಪು ಕದ್ದು ತರ್ತೀನಿ" ಎಂದು ಕೇತ ಹೆಂಡತಿಗೆ ಹೇಳಿದ. ಗಾಳಿ ಕೇಳಿಸಿಕೊಂಡಿತು. ಗಾಳಿಯ ಮನಸ್ಸು ಕೆಟ್ಟದ್ದಲ್ಲ, ಬಾಯಿ ನಿಲ್ಲುತ್ತಿರಲಿಲ್ಲ ಅಷ್ಟೇ. ಮರುದಿನ ಆಳುಗಳು ಕಾದು ನಿಂತು ಕೇತನ ಬೆನ್ನು ಬಾಸುಂಡೆ ಬರುವಂತೆ ಬಾರಿಸಿದರು.

ಕೇತನಿಗೊಂದು ಕಾಜಾಣ ಹಕ್ಕಿಯ ಗೆಳೆತನವಿತ್ತು. ಇಬ್ಬರೂ ಕೂತು ಯೋಚಿಸಿದರು. ಇದ್ದ ಮಾತುಗಳನ್ನೇ ತಿರುಗಿಸಿ ಇಟ್ಟರು. ಹೊಳೆಗೆ ನೀಲಿ ಸೀರೆ ಎಂದರು. ಕಾವಲಿನವನಿಗೆ ಒಣಮರ ಎಂದರು. ಉಪ್ಪಿಗೆ ಅತ್ತೆ ಎಂದರು. ಹುಣ್ಣಿಮೆ ಬಂತು ಅನ್ನಲು ಹಾಲು ಉಕ್ಕಿತು ಎಂದರು. ಈ ಮಾತನ್ನು ಕೇತನ ಅಪ್ಪಣೆ ಇಲ್ಲದೆ ಯಾರಿಗೂ ಬಿಡಿಸಿ ಹೇಳುವುದಿಲ್ಲ ಎಂದು ಕಾಜಾಣ ಆಣೆ ಮಾಡಿತು.

ಮರುದಿನ ಮಧ್ಯಾಹ್ನ ಅದು ಮರದ ತುದಿಯಿಂದ ಕೂಗಿತು: "ಒಣಮರ ಬಿದ್ದುಕೊಂಡಿದೆ! ಅತ್ತೆ ಒಬ್ಬಳೇ ಇದ್ದಾಳೆ!"

ಗಾಳಿ ಅದನ್ನು ಕಾಡೆಲ್ಲ ಸಾರಿತು. ಯಾರಿಗೂ ಅರ್ಥವಾಗಲಿಲ್ಲ. ಆಳು ಗೊರಕೆ ಹೊಡೆಯುತ್ತಿದ್ದಾಗ ಕೇತ ಉಪ್ಪು ತಂದ. ಜಿಂಕೆಮರಿಗಳಿಗೆ ಕೊಟ್ಟ, ಗುಡಿಸಲುಗಳಿಗೆ ಹಂಚಿದ.

"ನನಗೂ ಆ ಮಾತು ಕಲಿಸು" ಎಂದಳು ಬೊಮ್ಮಿ.

"ಬೇಡ ಕಣೇ. ಗೊತ್ತಿಲ್ಲದ್ದನ್ನ ಅವರು ನಿನ್ನ ಬಾಯಿಂದ ಹೊರಡಿಸೋಕೆ ಆಗಲ್ಲ."

ಬೊಮ್ಮಿ ಅವನು ತಂದ ಉಪ್ಪನ್ನು ಗಂಜಿಗೆ ಹಾಕಿದಳು. ಆದರೂ ಹಕ್ಕಿಗೆ ಸಿಕ್ಕ ಮಾತು ತನಗೆ ಸಿಗಲಿಲ್ಲವಲ್ಲ ಎಂದು ಅವಳಿಗೆ ಒಳಗೇ ಚುರುಕ್ಕೆಂದಿತು.

ಎಷ್ಟೋ ದಿನ ಹೀಗೆ ನಡೆಯಿತು. ಕೊನೆಗೊಮ್ಮೆ ಆಳೊಬ್ಬ ನೋಡಿಬಿಟ್ಟ. ಕೇತ ಓಡಿ, ಹೊಳೆಗೆ ಹಾರಿ, ಈಜಿ ಆಚೆ ದಡದ ಬಂಡೆಗಳಲ್ಲಿ ಅಡಗಿದ. ಅಲ್ಲಿಂದ ಕಾಜಾಣವನ್ನು ಹೆಂಡತಿಯ ಹತ್ತಿರ ಕಳಿಸಿದ. ಗಾಬರಿಯಲ್ಲಿ ಅವಳಿಗೆ ಆ ಮಾತು ಬರುವುದಿಲ್ಲ ಎಂಬುದನ್ನೇ ಮರೆತಿದ್ದ.

ಕಾಜಾಣ ಗುಡಿಸಲ ಮೇಲೆ ಕೂತು ಹೇಳಿತು: "ಹಾಲು ಉಕ್ಕಿದ ದಿನ ನೀಲಿ ಸೀರೆ ದಾಟಿ ಬಾ."

ಬೊಮ್ಮಿ ಒಲೆ ಹಚ್ಚಿದಳು. ಆಡಿನ ಹಾಲು ಇಟ್ಟು ಉಕ್ಕುವವರೆಗೂ ಕಾದಳು. ತನ್ನ ಮದುವೆಯ ನೀಲಿ ಸೀರೆಯನ್ನು ಅಂಗಳದಲ್ಲಿ ಹಾಸಿ, ಮೆಲ್ಲಗೆ ದಾಟಿದಳು. ಆಚೆ ನಿಂತು ಸುತ್ತ ನೋಡಿದಳು.

"ದಾಟಿದೆ. ಎಲ್ಲಿ ಅವನು?" ಎಂದಳು.

ಕಾಜಾಣ ಇಕ್ಕಟ್ಟಿಗೆ ಸಿಕ್ಕಿತು. ಬಿಡಿಸಿ ಹೇಳಿದರೆ ಆಣೆ ಮುರಿಯುತ್ತದೆ, ಗಾಳಿ ಕೇಳುತ್ತದೆ, ಕೇತ ಸಿಕ್ಕಿಬೀಳುತ್ತಾನೆ. ಅಪ್ಪಣೆ ಕೇಳಲು ಆಚೆ ದಡಕ್ಕೆ ಹಾರೋಣವೆಂದರೆ, ಹೊಳೆ ಕಾಯುತ್ತಿದ್ದ ಆಳುಗಳು ಬೆನ್ನುಹತ್ತಿ ಅವನನ್ನು ಹಿಡಿಯುತ್ತಾರೆ. ಮತ್ತೆ ಅದನ್ನೇ ಹೇಳಿತು. ಬೊಮ್ಮಿ ಮತ್ತೆ ಸೀರೆ ದಾಟಿದಳು. ಪೂರಾ ಮೂರು ಹುಣ್ಣಿಮೆ ಹೀಗೇ ಕಳೆದವು.

ಆಚೆ ದಡದಲ್ಲಿ ಕೇತ, ಅವಳು ತನ್ನನ್ನು ಬಿಟ್ಟಳು ಅಂದುಕೊಂಡ. ಹಕ್ಕಿ ಈಚೆ ದಡದಲ್ಲಿದ್ದಾಗಲೇ ಅವನು ದಾರಿಹೋಕರ ಜೊತೆ ತೆಂಕಣಕ್ಕೆ ನಡೆದುಬಿಟ್ಟ. ಬಿಡಾರದಲ್ಲಿ ಅವರಿಗೆ ಆ ತಿರುಗಿಸಿದ ಮಾತು ಕಲಿಸಿದ. ಅವರಿಂದ ಇನ್ನೊಬ್ಬರು ಕಲಿತರು. ಕಳ್ಳರ ಮಾತು ಹುಟ್ಟಿದ್ದು ಹಾಗೆ.

ಆ ವರ್ಷ ಜಡಿಮಳೆ ಬಂತು. ಉಪ್ಪಿನ ಬಂಡೆ ಕರಗಿ ಹೊಳೆಪಾಲಾಯಿತು. ಕಾಯಲು ಏನೂ ಉಳಿಯದೆ ದೊಡ್ಡಜಡೆಯ ಊರು ಬಿಟ್ಟ. ಹಕ್ಕಿ ಆಚೆ ದಡಕ್ಕೆ ಹಾರಿ ನೋಡಿದರೆ ಬಂಡೆಗಳ ನಡುವೆ ಯಾರೂ ಇಲ್ಲ. "ಆಣೆ ಮುರಿದರೆ ಮುರಿಯಲಿ, ಅವನು ಕರೆದಿದ್ದ ಅಂತಲಾದರೂ ಇವಳಿಗೆ ತಿಳಿಯಲಿ" ಎಂದು ಕಾಜಾಣ ಬೊಮ್ಮಿಯ ಹತ್ತಿರ ಹಾರಿಬಂತು.

ಆದರೆ ಅಷ್ಟರಲ್ಲಿ ಏನಾಗಿತ್ತು ಗೊತ್ತೇ? ಗುಟ್ಟಿನ ರುಚಿ ಎಲ್ಲರಿಗೂ ಹತ್ತಿತ್ತು. ಹುಲಿಗೆ ತಿಳಿಯದಿರಲಿ ಎಂದು ಜಿಂಕೆ ತನ್ನದೇ ಮಾತು ಮಾಡಿಕೊಂಡಿತ್ತು. ಗಿಡುಗನಿಗೆ ತಿಳಿಯದಿರಲಿ ಎಂದು ಗಿಳಿ ತನ್ನದು ಮಾಡಿಕೊಂಡಿತ್ತು. ಹೊಳೆ ಬರೀ ಗುಳುಗುಳು ಎನ್ನುತ್ತಿತ್ತು. ಗಾಳಿ ಬರೀ ಸುಯ್ ಎನ್ನುತ್ತಿತ್ತು. ಹಳೆಯ ಮಾತು ಯಾರಿಗೂ ನೆನಪಿರಲಿಲ್ಲ. ಬೊಮ್ಮಿಗೂ ಇಲ್ಲ.

ಕಾಜಾಣ ಕೂಗಿತು. ಬೊಮ್ಮಿ ತಲೆ ಎತ್ತಿ ನೋಡಿದಳು.

"ಏನೋ ಹೇಳ್ತಿದ್ದೀಯ ಕಣಪ್ಪ. ಅವನ ವಿಷಯವೇ ಇರಬೇಕು. ನನಗೆ ತಿಳೀತಿಲ್ಲ."

ಕಾಜಾಣ ಗಿಳಿಯ ಹತ್ತಿರ ಹೋಗಿ ಗಿಳಿಯ ಮಾತು ಕಲಿತು ಬಂದು ಹೇಳಿತು. ತಿಳಿಯಲಿಲ್ಲ. ಗಿಡುಗನ ಮಾತು ಕಲಿತು ಬಂದು ಹೇಳಿತು. ತಿಳಿಯಲಿಲ್ಲ. ಬೊಮ್ಮಿಗೆ ಕೂದಲು ನರೆಯಿತು. ಆದರೂ ದಿನಾ ನಸುಕಿಗೆ ಬಂದು ಅಂಗಳದಲ್ಲಿ ಕೂತು ಕೇಳುತ್ತಿದ್ದಳು. ಒಂದು ನಸುಕಿಗೆ ಹಕ್ಕಿ ಬಂತು, ಅವಳು ಬರಲಿಲ್ಲ.

ಅವಳಿಲ್ಲ ಎಂದು ಕಾಜಾಣಕ್ಕೆ ಹೇಳುವವರು ಯಾರು, ಯಾವ ಮಾತಿನಲ್ಲಿ? ಅದಕ್ಕೇ ಪುಟ್ಟೀ, ಇವತ್ತಿಗೂ ಬೇರೆ ಹಕ್ಕಿಗಳು ಏಳುವ ಮೊದಲೇ ಕಾಜಾಣ ಕೊಂಬೆಯ ತುದಿಗೆ ಬಂದು, ಒಮ್ಮೆ ಗಿಳಿಯಂತೆ, ಒಮ್ಮೆ ಗಿಡುಗನಂತೆ, ಒಮ್ಮೆ ಯಾರಂತೆಯೂ ಅಲ್ಲದಂತೆ ಕೂಗಿ, ನಡುವೆ ಸುಮ್ಮನಾಗಿ ಕತ್ತು ವಾಲಿಸಿ ಕೆಳಗೆ ನೋಡುತ್ತದೆ.